ಫೈಬ್ರೊಮಯಾಲ್ಜಿಯಾ ನೋವಿಗೆ ಲಿಡೋಕೇನ್ ಡ್ರಿಪ್: ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಕ್ಕನಿಗೆ ಫೈಬ್ರೊಮಯಾಲ್ಜಿಯಾ ಇದೆ, ಅಂದರೆ ಮೈಯೆಲ್ಲ ತಿಂಗಳುಗಟ್ಟಲೆ ನೋಯುವ ಕಾಯಿಲೆ. ಅವಳ ಜೊತೆ ನಾನು ಆಸ್ಪತ್ರೆ ಓಡಾಡಿದ್ದು ಗೊತ್ತಾದ ಮೇಲೆ ನೆಂಟರು, ಓಣಿಯವರು, ಅವರಿಗೆ ಪರಿಚಯದವರು ಎಲ್ಲ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. "ಅದೇನೋ ನರಕ್ಕೆ ಅರಿವಳಿಕೆ ಬಿಡ್ತಾರಂತಲ್ಲ, ನೋವು ಪೂರ್ತಿ ಹೋಗುತ್ತಂತೆ?" ಅವರು ಕೇಳುವುದು ಲಿಡೋಕೇನ್ ಅನ್ನುವ ಅರಿವಳಿಕೆ ಔಷಧಿಯನ್ನು ರಕ್ತನಾಳಕ್ಕೆ ನಿಧಾನವಾಗಿ ಬಿಡುವ ಡ್ರಿಪ್ ಬಗ್ಗೆ. ನೋವು ಪೂರ್ತಿ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವರಿಗೆ ಕೆಲವು ದಿನ ಕಮ್ಮಿಯಾಗುತ್ತದೆ. ಆ ದಿನಗಳಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ನಾನು ಡಾಕ್ಟರ್ ಅಲ್ಲ. ಕೊಡಬೇಕಾ ಬೇಡವಾ, ಎಷ್ಟು ಕೊಡಬೇಕು ಅನ್ನುವುದು ನಿಮ್ಮನ್ನು ಕಣ್ಣಾರೆ ನೋಡಿದ ಡಾಕ್ಟರ್ ತೀರ್ಮಾನ. ಅವರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಇದು ಉಪಯೋಗಕ್ಕೆ ಬರಲಿ ಅಂತ ಬರೆದಿದ್ದೇನೆ.

ಎಲ್ಲ ರಿಪೋರ್ಟೂ ನಾರ್ಮಲ್ ಅಂತಾರೆ. ಹಾಗಾದ್ರೆ ಈ ನೋವು ಎಲ್ಲಿಂದ ಬರ್ತಿದೆ?

ಫೈಬ್ರೊಮಯಾಲ್ಜಿಯಾದಲ್ಲಿ ಕೀಲು ಸವೆದಿರುವುದಿಲ್ಲ, ಸ್ನಾಯು ಹರಿದಿರುವುದಿಲ್ಲ. ಅದಕ್ಕೇ ಎಕ್ಸ್‌ರೇ, ಎಂ.ಆರ್.ಐ. ಎರಡರಲ್ಲೂ ಏನೂ ಕಾಣುವುದಿಲ್ಲ. ಮೈಯೊಳಗಿನ ಉರಿಯೂತ ತೋರಿಸುವ ಇ.ಎಸ್.ಆರ್., ಸಿ.ಆರ್.ಪಿ. ರಕ್ತ ಪರೀಕ್ಷೆಗಳೂ ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ತೊಂದರೆ ಇರುವುದು ನೋವಿನ ಸುದ್ದಿಯನ್ನು ಹೊತ್ತು ತರುವ, ಅದು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕುವ ಜಾಗದಲ್ಲಿ. ಅಂದರೆ ಬೆನ್ನುಹುರಿ ಮತ್ತು ಮಿದುಳಿನಲ್ಲಿ. ದುಗ್ಗಮ್ಮನ ಜಾತ್ರೆಯಲ್ಲಿ ಮೈಕಿನ ವಾಲ್ಯೂಮ್ ಯಾರೋ ಪೂರ್ತಿ ತಿರುಗಿಸಿಟ್ಟು ಹೋದರೆ ಪಿಸುಮಾತೂ ಕಿವಿಗೆ ಹೊಡೆಯುತ್ತದಲ್ಲ, ಹಾಗೆ. ಮಗು ಬಂದು ಭುಜಕ್ಕೆ ಜೋತುಬಿದ್ದರೆ ನೋವು, ಕುಪ್ಪಸದ ತೋಳು ಬಿಗಿಯಾದರೆ ನೋವು. ನೋವಿನ ಅಧ್ಯಯನಕ್ಕೇ ಇರುವ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಈ ಬಗೆಯ ನೋವಿಗೆ ನೋಸಿಪ್ಲಾಸ್ಟಿಕ್ ನೋವು ಅಂತ ಬೇರೆಯದೇ ಹೆಸರು ಕೊಟ್ಟಿತು.

ನೋವೊಂದೇ ಅಲ್ಲ. ಎಂಟು ತಾಸು ಮಲಗಿ ಎದ್ದರೂ ಹೋಗದ ಸುಸ್ತು, ಬೆಳಿಗ್ಗೆ ಮೈಯೆಲ್ಲ ಬಿಗಿ, ಒಲೆ ಮೇಲೆ ಹಾಲಿಟ್ಟದ್ದು ಮರೆತುಹೋಗುವಂಥ ಮಂಕು, ಹೊಟ್ಟೆ ಕೆಡುವುದು, ತಲೆನೋವು ಇವೂ ಜೊತೆಗೆ ಬರುತ್ತವೆ. ಹೆಂಗಸರಲ್ಲಿ ಜಾಸ್ತಿ, ಆದರೆ ಗಂಡಸರಿಗೂ ಬರುತ್ತದೆ.

ಇದಕ್ಕೆ ಅಂತ ಒಂದು ರಕ್ತ ಪರೀಕ್ಷೆ ಇಲ್ವಾ?

ಇಲ್ಲ. ಡಾಕ್ಟರ್ ಕೇಳಿ, ಮುಟ್ಟಿ, ಲೆಕ್ಕ ಹಾಕಿಯೇ ಹೇಳಬೇಕು. 1990ರ ನಿಯಮದಲ್ಲಿ ಮೈಮೇಲೆ 18 ಬಿಂದುಗಳನ್ನು ಒತ್ತಿ ನೋಡುತ್ತಿದ್ದರು, 11ರಲ್ಲಿ ನೋವಿದ್ದರೆ ಫೈಬ್ರೊಮಯಾಲ್ಜಿಯಾ. 2010ರಲ್ಲಿ ಆ ಪದ್ಧತಿ ಬದಲಾಯಿತು. ಈಗ ದೇಹದ 19 ಜಾಗಗಳಲ್ಲಿ ಎಲ್ಲೆಲ್ಲಿ ನೋವು, ಸುಸ್ತು ಎಷ್ಟು, ನಿದ್ದೆ ಹೇಗೆ, ನೆನಪು ಹೇಗೆ ಅಂತ ಅಂಕ ಕೊಡುತ್ತಾರೆ. ಕನಿಷ್ಠ 3 ತಿಂಗಳು ಹೀಗೇ ಇದ್ದಿರಬೇಕು.

ಹಾಗಾದರೆ ರಕ್ತ ಯಾಕೆ ತೆಗೆಯುತ್ತಾರೆ? ಬೇರೆ ಕಾಯಿಲೆ ಅಲ್ಲ ಅಂತ ಖಚಿತ ಮಾಡಿಕೊಳ್ಳಲು. ಥೈರಾಯ್ಡ್, ವಿಟಮಿನ್ ಡಿ, ಬಿ12, ಶುಗರ್, ಹಿಮೋಗ್ಲೋಬಿನ್ ಇವಿಷ್ಟನ್ನಾದರೂ ನೋಡಬೇಕು. ಥೈರಾಯ್ಡ್ ಕಮ್ಮಿ ಇದ್ದರೂ ಮೈಕೈ ನೋವು ಹೀಗೇ ಇರುತ್ತದೆ, ಅದು ಗುಳಿಗೆಗೆ ಬಗ್ಗುತ್ತದೆ. ನಮ್ಮ ಕಡೆ ಇನ್ನೊಂದಿದೆ. 2006ರಲ್ಲಿ ಚಿಕೂನ್‌ಗುನ್ಯಾ ಈ ಭಾಗದಲ್ಲಿ ಊರೂರನ್ನೇ ಮಲಗಿಸಿತ್ತು. ಆ ಜ್ವರ ಬಂದು ಹೋದ ಮೇಲೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೀಲು ನೋಯುತ್ತದೆ. ನಿಮಗೆ ಯಾವತ್ತಾದರೂ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಲಿಡೋಕೇನ್ ಅಂದ್ರೆ ಹಲ್ಲು ಕೀಳುವಾಗ ಕೊಡೋ ಮರಗಟ್ಟೋ ಸೂಜಿ ಅಲ್ವಾ? ಅದನ್ನ ರಕ್ತಕ್ಕೆ ಯಾಕೆ ಬಿಡ್ತಾರೆ?

ಅದೇ ಔಷಧಿ. ಸ್ವೀಡನ್ನಿನಲ್ಲಿ ನಿಲ್ಸ್ ಲೊಫ್‌ಗ್ರೆನ್ 1943ರಲ್ಲಿ ತಯಾರಿಸಿದರು. 1948ರಿಂದ ಝೈಲೋಕೇನ್ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಆಸ್ಪತ್ರೆಗಳಲ್ಲಿ ಲಿಗ್ನೋಕೇನ್ ಅಂತಲೂ ಕರೆಯುತ್ತಾರೆ. ಎರಡೂ ಒಂದೇ, ಗಾಬರಿಯಾಗಬೇಡಿ.

ನರದಲ್ಲಿ ಸುದ್ದಿ ಓಡುವುದು ಸೋಡಿಯಂ ಒಳಗೆ ನುಗ್ಗುವುದರಿಂದ. ಲಿಡೋಕೇನ್ ಆ ಸೋಡಿಯಂ ಬಾಗಿಲನ್ನು ಮುಚ್ಚುತ್ತದೆ. ಹಲ್ಲಿನ ಬುಡಕ್ಕೆ ಚುಚ್ಚಿದರೆ ಅಷ್ಟು ಜಾಗ ಮಾತ್ರ ಮರಗಟ್ಟುತ್ತದೆ. ರಕ್ತನಾಳಕ್ಕೆ ನಿಧಾನವಾಗಿ, ಕಮ್ಮಿ ಪ್ರಮಾಣದಲ್ಲಿ ಬಿಟ್ಟರೆ ಮೈ ಮರಗಟ್ಟುವುದಿಲ್ಲ, ಅತಿಯಾಗಿ ಕೆರಳಿದ ನರಗಳು ಸ್ವಲ್ಪ ತಣ್ಣಗಾಗುತ್ತವೆ ಅನ್ನುವುದು ಇದರ ಹಿಂದಿನ ಲೆಕ್ಕಾಚಾರ. ರಕ್ತಕ್ಕೆ ಕೊಡುವುದು ಹೊಸದೇನೂ ಅಲ್ಲ. ಹೃದಯದ ಬಡಿತ ಅಡ್ಡಾದಿಡ್ಡಿಯಾದಾಗ ಐ.ಸಿ.ಯು.ಗಳಲ್ಲಿ ಹಿಂದಿನಿಂದಲೂ ಕೊಡುತ್ತಾರೆ. ಹೃದಯದ ಮೇಲೆ ಕೆಲಸ ಮಾಡುವ ಔಷಧಿ ಇದು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಆಪರೇಷನ್ ಥರ ಪ್ರಜ್ಞೆ ತಪ್ಪಿಸ್ತಾರಾ?

ಇಲ್ಲ. ಎಚ್ಚರವಾಗಿರುತ್ತೀರಿ, ಮಾತಾಡುತ್ತಿರುತ್ತೀರಿ. ಮಾತಾಡುತ್ತಿರಲೇಬೇಕು, ಯಾಕೆ ಅಂತ ಕೆಳಗೆ ಹೇಳಿದ್ದೇನೆ.

ಮೊದಲು ಯಾವ ಟೆಸ್ಟ್ ಮಾಡ್ತಾರೆ? ಯಾರಿಗೆ ಕೊಡೋದಿಲ್ಲ?

ಇ.ಸಿ.ಜಿ. ಆಗಲೇಬೇಕು. ಇ.ಸಿ.ಜಿ. ಮಾಡದೆ "ಬನ್ನಿ ಹಾಕ್ತೀನಿ" ಅಂದವರ ಹತ್ತಿರ ಹಾಕಿಸಿಕೊಳ್ಳಬೇಡಿ. ಜೊತೆಗೆ ಲಿವರ್ ಟೆಸ್ಟ್, ಕಿಡ್ನಿ ಟೆಸ್ಟ್, ರಕ್ತದ ಲವಣಾಂಶ, ತೂಕ. ತೂಕ ಸರಿಯಾಗಿ ನೋಡಿಸಿ, ಅಂದಾಜಿನಲ್ಲಿ ಹೇಳಬೇಡಿ. ಡೋಸ್ ಲೆಕ್ಕ ಹಾಕುವುದೇ ಕಿಲೋಗೆ ಇಷ್ಟು ಮಿಲಿಗ್ರಾಂ ಅಂತ. ಈ ಔಷಧಿಯನ್ನು ಕರಗಿಸಿ ಹೊರಹಾಕುವುದು ಬಹುಪಾಲು ಲಿವರ್. ಲಿವರ್ ದುರ್ಬಲವಾಗಿದ್ದರೆ ರಕ್ತದಲ್ಲೇ ಉಳಿದು ವಿಷವಾಗುತ್ತದೆ.

ಹೃದಯದ ವಿದ್ಯುತ್ ದಾರಿಯಲ್ಲಿ ಅಡಚಣೆ ಇರುವವರು, ಹೃದಯ ತುಂಬ ಸೋತಿರುವವರು, ಹತೋಟಿಗೆ ಬರದ ಫಿಟ್ಸ್ ಇರುವವರು, ಲಿವರ್ ಕಾಯಿಲೆ ಜೋರಾಗಿರುವವರು, ಈ ಗುಂಪಿನ ಅರಿವಳಿಕೆಗೆ ಹಿಂದೆ ಅಲರ್ಜಿ ಆದವರು, ಇವರಿಗೆ ಕೊಡುವುದಿಲ್ಲ. ಗರ್ಭಿಣಿಯರಿಗೆ ಈ ನೋವಿಗಾಗಿ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಲುಣಿಸುವವರು ಮೊದಲೇ ತಿಳಿಸಬೇಕು.

ಜನ ಹೇಳಲು ಮರೆಯುವುದು ಗುಳಿಗೆಗಳ ವಿಷಯ. ಮೈಗ್ರೇನಿಗೆ, ಎದೆ ಡವಗುಟ್ಟುವುದಕ್ಕೆ ಪ್ರೊಪ್ರನಲಾಲ್ ತಗೊಳ್ಳುವವರು ನಮ್ಮಲ್ಲಿ ಬಹಳ. ಫೈಬ್ರೊಮಯಾಲ್ಜಿಯಾ ಇರುವವರಲ್ಲಿ ಮೈಗ್ರೇನೂ ಜಾಸ್ತಿ. ಅದು ಲಿಡೋಕೇನ್ ರಕ್ತದಿಂದ ಹೊರಹೋಗುವುದನ್ನು ತಡಮಾಡುತ್ತದೆ. ಬಿ.ಪಿ.ಗೆ ಕೊಡುವ ಮೆಟೊಪ್ರೊಲಾಲ್, ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್ ಕೂಡ ಲೆಕ್ಕ ತಪ್ಪಿಸಬಲ್ಲವು. ಹೆಸರು ನೆನಪಿರುವುದಿಲ್ಲ ಅಂದರೆ ಗುಳಿಗೆ ಶೀಟುಗಳನ್ನೇ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಅದೇ ದಿನ ಹಲ್ಲಿನ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ. ಅಲ್ಲಿಯೂ ಇದೇ ಔಷಧಿ, ಎರಡೂ ಸೇರಿ ಜಾಸ್ತಿಯಾಗುತ್ತದೆ.

ಅವತ್ತು ಏನೇನು ನಡೆಯುತ್ತೆ?

ನಮ್ಮಕ್ಕನಿಗೆ ನಡೆದದ್ದನ್ನು ಹೇಳುತ್ತೇನೆ. ಬೇರೆ ಕಡೆ ಸಣ್ಣಪುಟ್ಟ ವ್ಯತ್ಯಾಸ ಇದ್ದೀತು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು. ಕೈಬಳೆ, ಸರ ತೆಗೆಸಿದರು. ಎದೆಗೆ ಇ.ಸಿ.ಜಿ. ಪಟ್ಟಿ, ತೋಳಿಗೆ ಬಿ.ಪಿ. ಪಟ್ಟಿ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್. ಉಗುರುಬಣ್ಣ ಇದ್ದರೆ ಕ್ಲಿಪ್ ಸರಿಯಾಗಿ ಓದುವುದಿಲ್ಲ ಅಂತ ಒಂದು ಬೆರಳಿನದನ್ನು ಸಿಸ್ಟರ್ ಅಲ್ಲೇ ಒರೆಸಿದರು. ಕೈಯ ರಕ್ತನಾಳಕ್ಕೆ ಕ್ಯಾನುಲಾ ಅನ್ನುವ ಸಣ್ಣ ಕೊಳವೆ. ಔಷಧಿಯನ್ನು ಸಲೈನಿನಲ್ಲಿ ಬೆರೆಸಿ, ಒಂದೇ ವೇಗದಲ್ಲಿ ಔಷಧಿ ಬಿಡುವ ಯಂತ್ರಕ್ಕೆ, ಅಂದರೆ ಇನ್ಫ್ಯೂಷನ್ ಪಂಪಿಗೆ ಹಾಕಿದರು. ಈ ಪಂಪ್ ಮುಖ್ಯ. ಗಾಲಿ ತಿರುಗಿಸಿ ಹನಿ ಎಣಿಸುವ ಪದ್ಧತಿಯಲ್ಲಿ ಕೈ ಅಲ್ಲಾಡಿದರೆ ವೇಗ ಬದಲಾಗುತ್ತದೆ. ಈ ಔಷಧಿಯಲ್ಲಿ ವೇಗವೇ ಎಲ್ಲ.

ಸಾಮಾನ್ಯವಾಗಿ ಕಿಲೋಗೆ 3ರಿಂದ 5 ಮಿಲಿಗ್ರಾಂ, ಅರ್ಧ ತಾಸಿನಿಂದ ಒಂದು ತಾಸಿನ ತನಕ ಬಿಡುತ್ತಾರೆ. 60 ಕಿಲೋ ಇರುವವರಿಗೆ ಕಿಲೋಗೆ 5ರಂತೆ 300 ಮಿಲಿಗ್ರಾಂ. ಮೊದಲ ಸಲ ಕಮ್ಮಿಯಿಂದ ಶುರು ಮಾಡುವುದು ವಾಡಿಕೆ.

ಅರಿವಳಿಕೆ ಡಾಕ್ಟರ್ ಅಲ್ಲೇ ಇದ್ದರು. ಸಿಸ್ಟರ್ ಐದೈದು ನಿಮಿಷಕ್ಕೆ ಬಂದು ಒಂದೇ ಪ್ರಶ್ನೆ: "ಅಮ್ಮ, ನಾಲಿಗೆ ಜುಮ್ ಅಂತಿದೆಯಾ? ಕಿವಿಯಲ್ಲಿ ಗುಂಯ್ ಅಂತಿದೆಯಾ?" ಅಕ್ಕ ಮೊದಮೊದಲು ಸುಮ್ನೆ ತಲೆ ಆಡಿಸುತ್ತಿದ್ದಳು. "ತಲೆ ಆಡಿಸಬೇಡಿ, ಬಾಯಿಬಿಟ್ಟು ಹೇಳಿ" ಅಂದರು. ಮಾತು ತೊದಲುತ್ತದಾ ಅಂತ ನೋಡುವುದು ಅವರ ಉದ್ದೇಶ. ಅರ್ಧ ಮುಗಿಯುವ ಹೊತ್ತಿಗೆ ಬಾಯಲ್ಲಿ ಕಬ್ಬಿಣದ ರುಚಿ ಅಂದಳು, ತುಟಿ ದಪ್ಪಗಾದಂತೆ ಅಂದಳು. ತಕ್ಷಣ ಪಂಪಿನ ವೇಗ ಇಳಿಸಿದರು. ಹತ್ತು ನಿಮಿಷದಲ್ಲಿ ಸರಿಹೋಯಿತು. ಮುಗಿದ ಮೇಲೆ ಒಂದು ತಾಸು ಅಲ್ಲೇ ಮಲಗಿಸಿ, ನಡೆಸಿ ನೋಡಿ, ಕಳಿಸಿದರು.

ಅವತ್ತು ಗಾಡಿ ಓಡಿಸುವಂತಿಲ್ಲ. ಸ್ಕೂಟಿಯಲ್ಲಿ ಒಬ್ಬರೇ ಹೋಗಬೇಡಿ, ಜೊತೆಗೆ ಒಬ್ಬರು ಇರಲಿ.

ಯಾವುದು ಮಾಮೂಲಿ, ಯಾವುದಕ್ಕೆ ಹೆದರಬೇಕು?

ತುಟಿ, ನಾಲಿಗೆ ಜುಮ್ಮೆನ್ನುವುದು, ತಲೆ ಹಗುರವಾದಂತೆ ಆಗುವುದು, ನಿದ್ದೆ ಬಂದಂತಾಗುವುದು, ಲೋಹದ ರುಚಿ, ಸ್ವಲ್ಪ ವಾಕರಿಕೆ ಇವು ಆಗಾಗ ಆಗುತ್ತವೆ. ವೇಗ ಇಳಿಸಿದರೆ ಹೋಗುತ್ತವೆ. ಆದರೆ ಸುಮ್ಮನೆ ತಡೆದುಕೊಂಡು ಮಲಗಬೇಡಿ, ಹೇಳಿ. ಇವೇ ಮೊದಲ ಎಚ್ಚರಿಕೆ.

ಕಿವಿಯಲ್ಲಿ ಜೋರು ಸದ್ದು, ಕಣ್ಣು ಮಂಜು, ಮಾತು ತೊದಲುವುದು, ಸ್ನಾಯು ಅದುರುವುದು ಅಂದರೆ ರಕ್ತದಲ್ಲಿ ಔಷಧಿ ಮಿತಿ ಮೀರುತ್ತಿದೆ ಅಂತ. ಆಗ ಡ್ರಿಪ್ ನಿಲ್ಲಿಸಲೇಬೇಕು. ಅದನ್ನೂ ದಾಟಿದರೆ ಫಿಟ್ಸ್, ಹೃದಯದ ಲಯ ತಪ್ಪುವುದು, ನಿಲ್ಲುವುದು. ಇಂಥ ವಿಷಬಾಧೆಗೆ ಒಂದು ಒಳ್ಳೆಯ ಮದ್ದಿದೆ, 20 ಪರ್ಸೆಂಟ್ ಲಿಪಿಡ್ ಎಮಲ್ಷನ್ ಅಂತ. ಹಾಲಿನ ಬಣ್ಣದ, ಕೊಬ್ಬಿನಂಶದ ದ್ರವ. "ಲಿಪಿಡ್ ಇಟ್ಟಿದ್ದೀರಾ?" ಅಂತ ಕೇಳಲು ಸಂಕೋಚ ಬೇಡ. ಒಳ್ಳೆ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ, ಬೀರು ತೋರಿಸುತ್ತಾರೆ.

ನಮ್ಮೂರ ಕ್ಲಿನಿಕ್‌ನಲ್ಲೇ ಹಾಕಿಸಬಹುದಾ? ಕಾಂಪೌಂಡರ್ ಮನೆಗೇ ಬಂದು ಬಾಟ್ಲಿ ಹಾಕ್ತಾರೆ.

ಬೇಡ. ಸುಸ್ತಾದರೆ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಎಷ್ಟು ರೂಢಿ ಅಂದರೆ, ಬಾಟ್ಲಿ ಅಂದರೆ ಎಲ್ಲ ಒಂದೇ ಅಂದುಕೊಂಡುಬಿಟ್ಟಿದ್ದೇವೆ. ಅದು ಹೆಚ್ಚೆಂದರೆ ಸಕ್ಕರೆ ನೀರು. ಇದು ಹೃದಯ ನಿಲ್ಲಿಸಬಲ್ಲ ಔಷಧಿ. ಮಾನಿಟರ್, ಆಮ್ಲಜನಕ, ಶಾಕ್ ಕೊಡುವ ಯಂತ್ರ, ಉಸಿರಾಟದ ಕೊಳವೆ ಹಾಕಲು ಬರುವ ಡಾಕ್ಟರ್, ಲಿಪಿಡ್, ಇಷ್ಟೂ ಒಂದೇ ಕೋಣೆಯಲ್ಲಿ ಇರಬೇಕು.

ಇನ್ನೊಂದು ಅಪಾಯ ಬಾಟಲಿಯ ಮೇಲಿನ ಚೀಟಿಯಲ್ಲಿದೆ. ಅಂಗಡಿಯಲ್ಲಿ ಸಿಗುವ ಕೆಲವು ಲಿಗ್ನೋಕೇನ್ ಸೀಸೆಗಳಲ್ಲಿ ಅಡ್ರಿನಲಿನ್ ಬೆರೆಸಿರುತ್ತಾರೆ, ಹೊಲಿಗೆ ಹಾಕುವಾಗ ರಕ್ತ ಕಮ್ಮಿ ಬರಲಿ ಅಂತ. ಅದು ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಡ್ರಿಪ್‌ಗೆ ಬಳಸಬೇಕಾದ್ದು ಪ್ರಿಸರ್ವೇಟಿವ್ ಇಲ್ಲದ, ರಕ್ತನಾಳಕ್ಕೆ ಅಂತಲೇ ಬರೆದಿರುವ ಸೀಸೆ.

ಎಷ್ಟು ದಿನ ನೋವು ಕಮ್ಮಿ ಇರುತ್ತೆ?

ಕೆಲವರಿಗೆ ಅವತ್ತೇ ಸಂಜೆ ವಾಪಸ್. ಕೆಲವರಿಗೆ ನಾಲ್ಕೈದು ದಿನ. ಕೆಲವರಿಗೆ ಕೆಲವು ವಾರ. ಕೆಲವರಿಗೆ ಏನೂ ಇಲ್ಲ. ರಕ್ತದಲ್ಲಿ ಈ ಔಷಧಿಯ ಅರ್ಧ ಭಾಗ ಒಂದೂವರೆ ಎರಡು ತಾಸಿಗೇ ಹೋಗಿಬಿಡುತ್ತದೆ, ರಾತ್ರಿ ಊಟದ ಹೊತ್ತಿಗೆ ಬಹುಪಾಲು ಮೈಯಲ್ಲಿ ಇರುವುದೇ ಇಲ್ಲ. ಆದರೂ ಕೆಲವರಿಗೆ ಆರಾಮ ದಿನಗಟ್ಟಲೆ ಉಳಿಯುವುದು ಯಾಕೆ ಅನ್ನುವುದಕ್ಕೆ ವಿಜ್ಞಾನಿಗಳು ಬೇರೆ ಬೇರೆ ವಿವರಣೆ ಕೊಡುತ್ತಾರೆ.

ಮೊದಲ ಸಲ ಏನೂ ಅನ್ನಿಸದಿದ್ದರೆ ಇನ್ನೊಂದು ಸಲ ಕೊಂಚ ಡೋಸ್ ಹೆಚ್ಚಿಸಿ ನೋಡುವುದುಂಟು. ಆಗಲೂ ಇಲ್ಲ ಅಂದರೆ ನಿಲ್ಲಿಸುವುದು ಒಳ್ಳೆಯದು. "ಹತ್ತು ಸಿಟಿಂಗ್ ಪ್ಯಾಕೇಜ್, ಮುಂಗಡ ಕಟ್ಟಿದರೆ ಡಿಸ್ಕೌಂಟ್" ಅಂದರೆ ಎದ್ದು ಬನ್ನಿ. ಮೊದಲನೆಯದರ ಫಲ ನೋಡದೆ ಹತ್ತನೆಯದಕ್ಕೆ ದುಡ್ಡು ಕೇಳುವುದು ಚಿಕಿತ್ಸೆ ಅಲ್ಲ, ವ್ಯಾಪಾರ.

ನಿಜ ಹೇಳಿ, ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಆಧಾರ ಇದೆಯಾ?

ಈ ಪ್ರಶ್ನೆಯನ್ನು ಜನ ಕಮ್ಮಿ ಕೇಳುತ್ತಾರೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಇದೇ.

ನರಕ್ಕೇ ಪೆಟ್ಟಾಗಿ ಬರುವ ನೋವಿಗೆ ಲಿಡೋಕೇನ್ ಡ್ರಿಪ್ ಬರೀ ಸಲೈನಿಗಿಂತ ಮೇಲು ಅಂತ 2005ರ ಕಾಕ್ರೇನ್ ಪರಿಶೀಲನೆ (ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ತೂಗುವ ವರದಿ) ಹೇಳಿತು. ಆದರೆ ಫೈಬ್ರೊಮಯಾಲ್ಜಿಯಾ ಆ ಜಾತಿಯ ನೋವಲ್ಲ. ಫೈಬ್ರೊಮಯಾಲ್ಜಿಯಾ ಇರುವವರ ಮೇಲೇ ಬ್ರೆಜಿಲ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಎಲ್ಲರಿಗೂ ಖಿನ್ನತೆಗೂ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್ ಗುಳಿಗೆ ಕೊಟ್ಟರು. ಅರ್ಧ ಜನಕ್ಕೆ ವಾರಕ್ಕೊಮ್ಮೆ 240 ಮಿಲಿಗ್ರಾಂ ಲಿಡೋಕೇನ್ ಡ್ರಿಪ್, ಇನ್ನರ್ಧಕ್ಕೆ ಬರೀ ಸಲೈನ್. ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಕೊನೆಗೆ ನೋಡಿದರೆ ಎರಡೂ ಗುಂಪಿನಲ್ಲಿ ನೋವು ಇಳಿದಿತ್ತು, ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬಾಟ್ಲಿ ಹಾಕಿದರು, ಡಾಕ್ಟರ್ ಪಕ್ಕದಲ್ಲಿ ನಿಂತು ವಿಚಾರಿಸಿಕೊಂಡರು ಅನ್ನುವುದಕ್ಕೇ ಮೈ ಅರ್ಧ ಹಗುರವಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದಿಲ್ಲ, ಆದರೆ ಅಳೆಯುವಾಗ ಅದನ್ನು ಕಳೆದು ನೋಡಬೇಕು.

ಇದಕ್ಕೆ ಎದುರಾಗಿ, 2002ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ವರದಿಯಲ್ಲಿ ಸತತವಾಗಿ ಹಲವು ದಿನ ಡ್ರಿಪ್ ಕೊಟ್ಟವರಲ್ಲಿ ಆರಾಮ ವಾರಗಟ್ಟಲೆ ಉಳಿಯಿತು ಅಂತ ಇದೆ. ಅಲ್ಲಿ ಹೋಲಿಸಿ ನೋಡಲು ಸಲೈನ್ ಗುಂಪು ಇರಲಿಲ್ಲ. ಅದೇ ವರದಿಯಲ್ಲಿ 106 ಜನರ ಅಡ್ಡಪರಿಣಾಮ ಲೆಕ್ಕ ಹಾಕಿದಾಗ ಇಬ್ಬರಿಗೆ ಗಂಭೀರ ತೊಂದರೆ ಆಗಿತ್ತು. ಒಬ್ಬರಿಗೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಇನ್ನೊಬ್ಬರಿಗೆ ಎದೆ ಬಡಿತ ವಿಪರೀತ ಏರಿತ್ತು.

2021ರಲ್ಲಿ, ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಇನ್ನೂ ಖಡಾಖಂಡಿತವಾಗಿ ಹೇಳಿತು: ಫೈಬ್ರೊಮಯಾಲ್ಜಿಯಾ ಸೇರಿದಂತೆ ಈ ಬಗೆಯ ದೀರ್ಘಕಾಲದ ನೋವಿಗೆ ರಕ್ತನಾಳದ ಲಿಡೋಕೇನನ್ನೂ ಕೆಟಮಿನ್ ಅನ್ನುವ ಇನ್ನೊಂದು ಅರಿವಳಿಕೆಯನ್ನೂ ಶುರು ಮಾಡಬೇಡಿ. ಅದೇ ಪಟ್ಟಿಯಲ್ಲಿ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಜಾತಿಯ ನೋವಿನ ಗುಳಿಗೆ, ಅಫೀಮಿನ ಜಾತಿಯವು, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಎಲ್ಲವೂ ಇವೆ. ಪ್ರಿಗ್ಯಾಬಲಿನ್ ವಿಷಯದಲ್ಲಿ ಅಮೆರಿಕದವರ ಅಭಿಪ್ರಾಯ ಬೇರೆ. ಔಷಧಿಗಳಿಗೆ ಒಪ್ಪಿಗೆ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್.ಡಿ.ಎ. ಅದನ್ನು ಈ ಕಾಯಿಲೆಗೆ 2007ರಲ್ಲೇ ಒಪ್ಪಿದೆ.

ನನ್ನ ಅಭಿಪ್ರಾಯ ಕೇಳಿದರೆ, ಆಧಾರ ತೆಳುವಾಗಿದೆ. ಗುಳಿಗೆ, ವ್ಯಾಯಾಮ, ನಿದ್ದೆ ಎಲ್ಲ ಸರಿಯಾಗಿ ಮಾಡಿ ನೋಡಿಯೂ ಹಾಸಿಗೆ ಬಿಟ್ಟು ಏಳಲಾಗದವರು, ಹೃದಯ ಲಿವರ್ ಗಟ್ಟಿಯಾಗಿರುವವರು, ಸರಿಯಾದ ಜಾಗದಲ್ಲಿ ಒಂದು ಸಲ ನೋಡುವುದು ತಪ್ಪಲ್ಲ. ಮೊದಲ ಮದ್ದಾಗಿ ಇದನ್ನೇ ಹುಡುಕಿಕೊಂಡು ಹೋಗುವುದು ತಪ್ಪು.

ಕೆಟಮಿನ್ ಇದಕ್ಕಿಂತ ಪವರ್‌ಫುಲ್ ಅಂತಲ್ಲ?

ಕೆಟಮಿನ್ 1970ರಿಂದ ಬಳಕೆಯಲ್ಲಿರುವ ಅರಿವಳಿಕೆ. ಎನ್.ಎಂ.ಡಿ.ಎ. ಅನ್ನುವ ನರಗ್ರಾಹಕವನ್ನು ತಡೆಯುತ್ತದೆ, ಹಾಗಾಗಿ ನೋವಿನ ಏರಿದ ದನಿ ಇಳಿಸಬೇಕು ಅನ್ನುವುದು ತರ್ಕ. ನೆದರ್ಲ್ಯಾಂಡ್ಸ್‌ನಲ್ಲಿ 24 ಫೈಬ್ರೊಮಯಾಲ್ಜಿಯಾ ರೋಗಿಗಳ ಮೇಲೆ ಅರ್ಧ ತಾಸಿನ ಡ್ರಿಪ್ ಕೊಟ್ಟು ಎಂಟು ವಾರ ನೋಡಿದರು. ಡ್ರಿಪ್ ಹೋಗುವಾಗ ಮತ್ತು ಅದರ ಹಿಂದೆಯೇ ಒಂದೆರಡು ತಾಸು ನೋವು ಕಮ್ಮಿಯಿತ್ತು, ಆಮೇಲೆ ಇಲ್ಲ.

ಇದರಲ್ಲಿ ತಲೆ ತೇಲುವುದು, ಇಲ್ಲದ್ದು ಕಾಣುವುದು, ಬಿ.ಪಿ. ಏರುವುದು ಜಾಸ್ತಿ. ಪದೇ ಪದೇ ಕೊಟ್ಟರೆ ಲಿವರಿಗೂ ಮೂತ್ರಕೋಶಕ್ಕೂ ತೊಂದರೆ. ಅಮಲಿಗೆ ದುರುಪಯೋಗ ಆಗುವುದರಿಂದ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್‌ನಲ್ಲಿ ಇಟ್ಟಿದ್ದಾರೆ, ಮಾರಾಟದ ಲೆಕ್ಕಪತ್ರ ಬಿಗಿ. ಹಿಂದೆ ಮಾನಸಿಕ ಕಾಯಿಲೆ ಬಂದಿದ್ದವರು ಡಾಕ್ಟರಿಗೆ ಮುಚ್ಚಿಡಬಾರದು.

ದಾವಣಗೆರೆಯಲ್ಲೇ ಸಿಗುತ್ತಾ, ಬೆಂಗಳೂರಿಗೇ ಹೋಗಬೇಕಾ?

ಮೊದಲು ಕಾಯಿಲೆ ಏನು ಅಂತ ಖಚಿತವಾಗಲಿ. ಅದಕ್ಕೆ ಬೆಂಗಳೂರು ಬೇಕಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಜೆ.ಜೆ.ಎಂ. ಮೆಡಿಕಲ್ ಕಾಲೇಜಿಗೆ ಸೇರಿದ ಬಾಪೂಜಿ ಆಸ್ಪತ್ರೆ, ಎಸ್.ಎಸ್. ಮೆಡಿಕಲ್ ಕಾಲೇಜು ಆಸ್ಪತ್ರೆ ಊರಲ್ಲೇ ಇವೆ. ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ಜನರಲ್ ಮೆಡಿಸಿನ್ ಓ.ಪಿ.ಡಿ.ಗೆ ಹೋಗಿ ಶುರು ಮಾಡಿ. ಡ್ರಿಪ್ ವಿಷಯಕ್ಕೆ ಅರಿವಳಿಕೆ ವಿಭಾಗದಲ್ಲಿ ವಿಚಾರಿಸಿ, ನೋವಿನ ಕ್ಲಿನಿಕ್ ನಡೆಸುವುದು ಸಾಮಾನ್ಯವಾಗಿ ಅವರೇ. ಹೋಗುವ ಮುಂಚೆ ಫೋನ್ ಮಾಡಿ, ಯಾವ ವಾರ ಯಾವ ಡಾಕ್ಟರ್ ಅಂತ ಕೇಳಿಕೊಳ್ಳಿ.

ಬೆಂಗಳೂರಿಗೇ ಹೋಗುವುದಾದರೆ 260 ಕಿಲೋಮೀಟರ್ ಲೆಕ್ಕಕ್ಕೆ ಇಟ್ಟುಕೊಳ್ಳಿ. ಐದು ತಾಸು ಬಸ್ಸಿನಲ್ಲಿ ಕೂತರೆ ಆರೋಗ್ಯವಾಗಿರುವವರ ಸೊಂಟವೇ ಹಿಡಿದುಕೊಳ್ಳುತ್ತದೆ. ರೈಲೇ ವಾಸಿ, ಎದ್ದು ಓಡಾಡಬಹುದು. ಡ್ರಿಪ್ ಆದ ದಿನವೇ ವಾಪಸ್ ಬರಬೇಡಿ, ಒಂದು ರಾತ್ರಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ.

ಖರ್ಚು? ಆಯುಷ್ಮಾನ್ ಕಾರ್ಡ್ ನಡೆಯುತ್ತಾ?

ಔಷಧಿ ಅಗ್ಗ. ಬಿಲ್ ಏರುವುದು ಡೇ ಕೇರ್ ಬೆಡ್, ಮಾನಿಟರ್, ಅರಿವಳಿಕೆ ಡಾಕ್ಟರ್ ಫೀಸಿನಿಂದ. ಒಟ್ಟು ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಮೊದಲೇ ಬರೆಸಿಕೊಳ್ಳಿ. ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಖಾಸಗಿ ವಿಮೆಯವರು ಪ್ರಾಯೋಗಿಕ ಚಿಕಿತ್ಸೆ ಅಂತ ತಳ್ಳಿಹಾಕುವ ಸಂಭವ ಇದೆ, ಹಾಗಾಗಿ ಮುಂಚಿತ ಒಪ್ಪಿಗೆ ಕೈಗೆ ಬರುವ ತನಕ ದಿನ ಗೊತ್ತು ಮಾಡಬೇಡಿ.

ಈಗ ತಗೊಳ್ತಿರೋ ಗುಳಿಗೆ ಬಿಟ್ಟುಬಿಡಬಹುದಾ?

ನೀವಾಗೇ ಬಿಡಬೇಡಿ. ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್ ಎರಡನ್ನೂ ಥಟ್ಟನೆ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ಚಡಪಡಿಕೆ, ತಲೆಸುತ್ತು. ಹಂತಹಂತವಾಗಿ ಇಳಿಸಬೇಕು. ನಮ್ಮ ಕಡೆ ಪ್ರಿಗ್ಯಾಬಲಿನ್ ಬಹಳ ಸಲ ಮೀಥೈಲ್‌ಕೋಬಾಲಮಿನ್ ಜೊತೆ ಸೇರಿಸಿದ ಗುಳಿಗೆಯಾಗಿ ಬರುತ್ತದೆ, ಜನ "ವಿಟಮಿನ್ ಗುಳಿಗೆ, ಬಿಟ್ಟರೇನು" ಅಂದುಕೊಳ್ಳುತ್ತಾರೆ. ಶೀಟಿನ ಹಿಂದೆ ಓದಿ. ಡುಲೋಕ್ಸೆಟಿನ್ ತಗೊಳ್ಳುವವರು ನೋವು ಅಂತ ಮೆಡಿಕಲ್ ಶಾಪಿನಲ್ಲಿ ಟ್ರಾಮಡಾಲ್ ಕೇಳಿ ತರಬಾರದು, ಎರಡೂ ಸೇರಿದರೆ ಅಪಾಯ.

ಪಕ್ಕದೂರಲ್ಲಿ ಒಬ್ಬರು ಪುಡಿ ಕೊಡ್ತಾರೆ, ಎರಡೇ ದಿನಕ್ಕೆ ನೋವು ಮಾಯ.

ಎರಡೇ ದಿನಕ್ಕೆ ಎಲ್ಲ ನೋವೂ ಹೋಗಿ, ಹಸಿವು ಜಾಸ್ತಿಯಾಗಿ, ತಿಂಗಳಲ್ಲಿ ಮುಖ ಉಬ್ಬಿತು ಅಂದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಅನುಮಾನ ಪಡಿ. ಫೈಬ್ರೊಮಯಾಲ್ಜಿಯಾಕ್ಕೆ ಸ್ಟಿರಾಯ್ಡ್ ಮದ್ದೇ ಅಲ್ಲ. ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ಬಹಳ ದಿನ ತಿಂದಿದ್ದರೆ ಥಟ್ಟನೆ ಬಿಡುವುದೂ ಅಪಾಯ, ಡಾಕ್ಟರಿಗೆ ಪುಡಿ ತೋರಿಸಿ, ಅವರು ಹೇಳಿದಂತೆ ಬಿಡಿ.

ನೋವು ಕಮ್ಮಿಯಾದ ದಿನಗಳಲ್ಲಿ ಏನು ಮಾಡಬೇಕು?

ಎಲ್ಲರೂ ಎಡವುವುದು ಇಲ್ಲಿಯೇ. ಡ್ರಿಪ್ ಹಾಕಿಸಿದ ಮೂರನೇ ದಿನ ಮೈ ಹಗುರ ಅನ್ನಿಸಿತು ಅಂದುಕೊಳ್ಳಿ. ತಿಂಗಳಿಂದ ಬಾಕಿ ಇದ್ದ ಕೆಲಸವೆಲ್ಲ ಕಣ್ಣೆದುರು ಬರುತ್ತದೆ. ಹಾಸಿಗೆ ಬಟ್ಟೆ, ಕಂಬಳಿ ಎಲ್ಲ ಒಗೆದು, ಅಟ್ಟ ಇಳಿಸಿ, ಮೂವತ್ತು ರೊಟ್ಟಿ ಬಡಿದು, ಸಂಜೆ ಮಂಡಕ್ಕಿ ಮೆಣಸಿನಕಾಯಿ ಮಾಡಿ ನೆಂಟರನ್ನೂ ಕರೆದು ಮಲಗುತ್ತಾರೆ. ನಾಲ್ಕನೇ ದಿನ ಏಳುವುದಿಲ್ಲ. "ಡ್ರಿಪ್ ಕೆಲಸ ಮಾಡಲಿಲ್ಲ" ಅಂತಾರೆ. ಮಾಡಿತ್ತು, ಅದನ್ನು ಒಂದೇ ದಿನದಲ್ಲಿ ಖರ್ಚು ಮಾಡಿಬಿಟ್ಟರು.

ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಫೈಬ್ರೊಮಯಾಲ್ಜಿಯಾ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿತು. "ಖಂಡಿತ ಮಾಡಿ" ಅಂತ ಬಲವಾಗಿ ಹೇಳಿದ್ದು ಒಂದಕ್ಕೆ ಮಾತ್ರ: ವ್ಯಾಯಾಮ. ಗುಳಿಗೆ, ಸೂಜಿ ಯಾವುದಕ್ಕೂ ಅಷ್ಟು ಬಲ ಸಿಗಲಿಲ್ಲ. ನೋವಿರುವವರಿಗೆ ಈ ಮಾತು ಸಿಟ್ಟು ತರಿಸುತ್ತದೆ, ಗೊತ್ತು. ಅಕ್ಕನಿಗೂ ತರಿಸಿತ್ತು. ನಡೆದರೆ ನೋವು, ನೋವಿದ್ದರೆ ನಡೆಯಲಾಗದು. ಆ ಗಂಟನ್ನು ಒಂದು ಕಡೆಯಿಂದ ಸಡಿಲಿಸಲಿಕ್ಕೆ ಡ್ರಿಪ್ ಕೊಡುವ ನಾಲ್ಕು ದಿನ ಸಿಕ್ಕಿದರೆ ಅದನ್ನು ನಡಿಗೆಗೆ ಇಡಿ.

ಕುಂದವಾಡ ಕೆರೆಗೆ ಹೋದರೆ ಪೂರ್ತಿ ಸುತ್ತು ಹಾಕುವ ಹಟ ಬೇಡ. ಐದು ನಿಮಿಷ ಹೋಗಿ, ಐದು ನಿಮಿಷ ವಾಪಸ್. ಚೆನ್ನಾಗಿದೆ ಅನ್ನಿಸಿದರೂ ಅಷ್ಟೇ. ವಾರ ಕಳೆದ ಮೇಲೆ ಒಂದೆರಡು ನಿಮಿಷ ಸೇರಿಸಿ. ನೋವು ವಾಪಸ್ ಬಂದ ದಿನವೂ ಪೂರ್ತಿ ಬಿಡಬೇಡಿ, ಅಂಗಳದಲ್ಲೇ ಎರಡು ಸುತ್ತು ಹಾಕಿ. ಮನೆಗೆಲಸವನ್ನೂ ಹೀಗೇ ಒಡೆಯಿರಿ. ರೊಟ್ಟಿ ಹತ್ತು ಬಡಿದು ಕೂರಿ, ಉಳಿದದ್ದು ಬೇರೆಯವರು ಬಡಿಯಲಿ ಅಥವಾ ಅಂಗಡಿಯಿಂದ ಬರಲಿ. ಖಡಕ್ ರೊಟ್ಟಿ ಮಾರುವವರಿಗೆ ನಮ್ಮೂರಲ್ಲಿ ಬರವಿಲ್ಲ.

ನಿದ್ದೆಗೂ ಇದೇ ಸಮಯ. ಮಧ್ಯಾಹ್ನದ ಮೇಲೆ ಟೀ ಕಾಫಿ ಬಿಡಿ, ಏಳುವ ಹೊತ್ತು ಒಂದೇ ಇರಲಿ. ಗೊರಕೆ ಜೋರಿದ್ದು ರಾತ್ರಿ ಉಸಿರು ಕಟ್ಟುತ್ತದೆ ಅಂತ ಪಕ್ಕದಲ್ಲಿ ಮಲಗುವವರು ಹೇಳಿದರೆ ಅದನ್ನೂ ತೋರಿಸಿ.

ಮನೆಯವರು ನಾಟಕ ಅಂತಾರೆ. ಏನು ಹೇಳೋದು?

ಮುಂದಿನ ಸಲ ಡಾಕ್ಟರ್ ಹತ್ತಿರ ಅವರನ್ನೇ ಕರೆದುಕೊಂಡು ಹೋಗಿ. ಅತ್ತೆಯವರಾಗಲಿ ಯಜಮಾನರಾಗಲಿ, ಸೊಸೆ ಹೇಳಿದರೆ ನೆಪ ಅನ್ನುವುದನ್ನು ಕುತ್ತಿಗೆಗೆ ಸ್ಟೆತ್ ಹಾಕಿಕೊಂಡವರು ಹೇಳಿದರೆ ಕೇಳುತ್ತಾರೆ. ನ್ಯಾಯ ಅಲ್ಲ, ಆದರೆ ಕೆಲಸ ಆಗುತ್ತದೆ.

ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂದ್ರು. ಅಂದ್ರೆ ನನಗೆ ಹುಚ್ಚಾ?

ಅಲ್ಲ. ವರ್ಷಗಟ್ಟಲೆ ನೋವಿದ್ದರೆ ಯಾರ ಮನಸ್ಸಾದರೂ ಕುಗ್ಗುತ್ತದೆ. ಕುಗ್ಗಿದ ಮನಸ್ಸಿಗೆ ನೋವು ಇನ್ನೂ ದೊಡ್ಡದಾಗಿ ಕೇಳುತ್ತದೆ. ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಖಿನ್ನತೆಗೂ ಕೊಡುವ ಗುಳಿಗೆಗಳು, ನೋವಿನ ದಾರಿಯ ಮೇಲೂ ಕೆಲಸ ಮಾಡುತ್ತವೆ. ಚೀಟಿಯಲ್ಲಿ ಆ ಹೆಸರು ನೋಡಿ ಹರಿದು ಬಿಸಾಡಬೇಡಿ. ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಡ್ರಿಪ್ ಹಾಕಿಸಿ ಮನೆಗೆ ಬಂದ ಮೇಲೆ ಯಾವಾಗ ಆಸ್ಪತ್ರೆಗೆ ಓಡಬೇಕು?

ಎದೆ ಬಡಿತ ಏರುಪೇರಾದರೆ, ತಲೆಸುತ್ತಿ ಬಿದ್ದರೆ, ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ, ಮೈಮೇಲೆ ದದ್ದು ಎದ್ದು ಮುಖ ಊದಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕ್ಯಾನುಲಾ ಹಾಕಿದ ಜಾಗ ಕೆಂಪಾಗಿ ಬಿಸಿಯಾಗಿ ನೋಯುತ್ತಿದ್ದರೆ ಮಾರನೆಯ ದಿನ ತೋರಿಸಿದರೆ ಸಾಕು. ಡಿಸ್ಚಾರ್ಜ್ ಚೀಟಿಯಲ್ಲಿ ಔಷಧಿಯ ಹೆಸರು, ಡೋಸ್, ಕೊಟ್ಟ ಸಮಯ ಬರೆದಿರುವುದನ್ನು ನೋಡಿಯೇ ಆಸ್ಪತ್ರೆ ಬಿಡಿ. ರಾತ್ರಿ ಕ್ಯಾಶುವಾಲ್ಟಿಯಲ್ಲಿ ಇರುವ ಡ್ಯೂಟಿ ಡಾಕ್ಟರ್ ಮೊದಲು ಕೇಳುವುದು ಆ ಚೀಟಿಯನ್ನೇ.